ಶರತ್ಕಾಲದ ದೊಡ್ಡ ಬಾಸ್ ಮೀನು: ಹಿಡಿಯುವುದಕ್ಕಿಂತ ಬಿಡುವುದನ್ನು ಮೊದಲು ಕಲಿಯೋಣ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಮಹಾಸರೋವರಗಳ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳು ಎಲೆ ಉದುರುವ ಕಾಲದಲ್ಲಿ ಗಾಳ ಹಿಡಿದು ದೋಣಿ ಏರುವುದರ ಕುರಿತು ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಇಲ್ಲಿನ ನೀರು, ಬೆಳಕು, ಕಾಡಿನ ಬಣ್ಣಗಳನ್ನು ಲೇಖಕರು ಚೆನ್ನಾಗಿಯೇ ಕಟ್ಟಿಕೊಟ್ಟಿದ್ದಾರೆ. ಆದರೆ ಲೇಖನದ ಜೊತೆಗಿದ್ದ ಚಿತ್ರದಲ್ಲಿ ದೋಣಿಯ ಹಲಗೆಯ ಮೇಲೆ ಸಾಲಾಗಿ ಮಲಗಿಸಿದ್ದ ದೊಡ್ಡ ದೊಡ್ಡ ಸ್ಮಾಲ್‌ಮೌತ್ ಬಾಸ್ ಮೀನುಗಳನ್ನು ಕಂಡು ಮನಸ್ಸಿಗೆ ನೋವಾಯಿತು. ಆ ಮಿತ್ರರು ಕಾನೂನು ಮುರಿದಿದ್ದಾರೆಂದು ನಾನು ಹೇಳುತ್ತಿಲ್ಲ. ಮಿಷಿಗನ್ ರಾಜ್ಯದಲ್ಲಿ ಪರವಾನಗಿ ಉಳ್ಳವರು ಋತುವಿನಲ್ಲಿ ದಿನಕ್ಕೆ ಐದು ಬಾಸ್‌ಗಳನ್ನು, 14 ಇಂಚಿಗೆ ಕಡಿಮೆಯಿಲ್ಲದಿದ್ದರೆ, ಮನೆಗೆ ಒಯ್ಯಬಹುದು. ಆದರೂ ಆ ಮೀನುಗಳ ವಯಸ್ಸು, ಅವು ಆ ಜಾಗಕ್ಕೆ ಆ ಹೊತ್ತಿನಲ್ಲಿ ಬಂದು ಸೇರಿದ ಕಾರಣ, ಅವುಗಳ ಹೊಟ್ಟೆಯಲ್ಲಿ ಆಗಲೇ ಮೊಳೆಯುತ್ತಿರುವ ಮುಂದಿನ ವರ್ಷದ ಮೊಟ್ಟೆ, ಇವನ್ನು ತಿಳಿದವರಿಗೆ ಆ ಸಾಲು ಸಂತೋಷ ಕೊಡುವುದಿಲ್ಲ. ಶರತ್ಕಾಲದ ದೊಡ್ಡ ಬಾಸ್ ಹಿಡಿಯುವ ಸುಖವನ್ನು ನಾನು ಬಲ್ಲೆ, ಅದನ್ನು ಬಿಡಿ ಎಂದು ಯಾರಿಗೂ ಹೇಳಲಾರೆ. ಹಿಡಿದ ಮೀನನ್ನು ಜೀವಸಹಿತ, ಸುಸ್ಥಿತಿಯಲ್ಲಿ ನೀರಿಗೆ ಮರಳಿಸುವ ವಿದ್ಯೆಯನ್ನೂ ಅದರ ಜೊತೆಗೇ ಕಲಿಯಬೇಕೆಂಬುದಷ್ಟೇ ನನ್ನ ಕೋರಿಕೆ.

ನಾನು ಡೆಟ್ರಾಯಿಟ್ ಸಮೀಪ ವಾಸವಾಗಿದ್ದು, ಬಹಳ ವರ್ಷಗಳಿಂದ ಸೇಂಟ್ ಕ್ಲೇರ್ ಮತ್ತು ಈರಿ ಸರೋವರಗಳಲ್ಲಿ ಗಾಳ ಹಾಕುತ್ತ ಬಂದವನು. ಸ್ಮಾಲ್‌ಮೌತ್ ಬಾಸ್ ಈ ನೀರಿನ ಸ್ವಂತ ಮೀನು; ಮಹಾಸರೋವರಗಳು, ಸೇಂಟ್ ಲಾರೆನ್ಸ್ ನದಿ, ಮಿಸಿಸಿಪ್ಪಿಯ ಮೇಲ್ಭಾಗ, ಟೆನೆಸ್ಸಿ ನದಿಯ ಕಣಿವೆ ಇದರ ಮೂಲ ನೆಲೆಗಳು. ಮೈ ಕಂಚಿನ ಬಣ್ಣ, ಪಕ್ಕೆಯಲ್ಲಿ ಮಸುಕಾದ ಅಡ್ಡ ಪಟ್ಟೆಗಳು, ಕಣ್ಣು ಕೆಂಪು. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣಿನಿಂದಾಚೆಗೆ ಹೋಗುವುದಿಲ್ಲ, ದಾಯಾದಿಯಾದ ಲಾರ್ಜ್‌ಮೌತ್ ಬಾಸ್‌ಗೆ ಹೋಗುತ್ತದೆ. ಕೆಸರು, ಜೊಂಡು ಇದಕ್ಕೆ ಒಗ್ಗದು. ಕಲ್ಲು, ಜಲ್ಲಿ, ಗಟ್ಟಿ ತಳ, ತಿಳಿನೀರು ಬೇಕು. ಈರಿ ಸರೋವರದ ಪಶ್ಚಿಮ ಭಾಗದಲ್ಲಿ ಓಹಾಯೊಗೆ ಸೇರಿದ ಕೆಲವು ದ್ವೀಪಗಳಿಗೆ ಬಾಸ್ ಐಲೆಂಡ್ಸ್ ಎಂದೇ ಹೆಸರಿದೆ. ಅವುಗಳ ಸುತ್ತಲಿನ ಸುಣ್ಣಕಲ್ಲಿನ ದಿಬ್ಬಗಳ ಮೇಲೆ ತಲೆಮಾರುಗಳಿಂದ ಜನ ಈ ಮೀನಿಗೆ ಗಾಳ ಹಾಕಿದ್ದಾರೆ.

ಶರತ್ಕಾಲದಲ್ಲಿಯೇ ದೊಡ್ಡವು ಏಕೆ ಸಿಗುತ್ತವೆ ಎಂಬುದನ್ನು ಲೇಖನ ಹೇಳಲಿಲ್ಲ. ನನ್ನ ಕೋರಿಕೆ ನಿಂತಿರುವುದೇ ಅದರ ಮೇಲೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇಸಿಗೆಯಲ್ಲಿ ಆಳವಾದ ಸರೋವರದ ಮೇಲ್ಪದರದ ನೀರು ಬಿಸಿಯಾಗಿ ಹಗುರಗೊಂಡು ಮೇಲೆಯೇ ನಿಲ್ಲುತ್ತದೆ, ತಣ್ಣೀರು ತಳದಲ್ಲಿ ಉಳಿಯುತ್ತದೆ, ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಸೆಪ್ಟೆಂಬರ್ ಕಳೆದು ರಾತ್ರಿಗಳು ತಣ್ಣಗಾದಂತೆ ಮೇಲ್ಪದರವೂ ತಣಿದು ಭಾರವಾಗಿ ಕೆಳಗಿಳಿಯುತ್ತದೆ. ಗಾಳಿ ಬೀಸಿದಾಗ ಇಡೀ ಸರೋವರ ಕದಡಿ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಉಷ್ಣತೆಗೆ ಬರುತ್ತದೆ. ಇದನ್ನು ಇಲ್ಲಿನವರು ಟರ್ನೋವರ್ ಎನ್ನುತ್ತಾರೆ. ಆಮ್ಲಜನಕ ತಳದವರೆಗೆ ತಲುಪುವುದರಿಂದ ಮೀನು ಯಾವ ಆಳದಲ್ಲಾದರೂ ಇರಬಹುದು. ಆಗ ಅದು ಇರುವುದು ಆಹಾರ ಇರುವಲ್ಲಿ.

ಮಹಾಸರೋವರಗಳಲ್ಲಿ ಆ ಆಹಾರ ಈಗ ಬಹುಪಾಲು ರೌಂಡ್ ಗೋಬಿ ಎಂಬ ಬೆರಳುದ್ದದ ಮೀನು. ಇದು ಇಲ್ಲಿಯದಲ್ಲ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸೀಮೆಯ ಈ ಮೀನು ಹಡಗುಗಳು ಸಮತೋಲನಕ್ಕಾಗಿ ತುಂಬಿಕೊಂಡು ಬಂದ ನೀರಿನೊಂದಿಗೆ ಇಲ್ಲಿಗೆ ಸೇರಿತು. 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಅದಕ್ಕೆ ಎರಡು ವರ್ಷ ಮೊದಲು, 1988ರಲ್ಲಿ, ಅದೇ ಸೀಮೆಯಿಂದ ಅದೇ ದಾರಿಯಲ್ಲಿ ಬಂದ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಗಿತ್ತು. ಚಿಪ್ಪುಗಳು ನೀರನ್ನು ಸೋಸಿ ಸೋಸಿ ತಿಳಿಗೊಳಿಸಿದವು, ಗೋಬಿಗಳು ಚಿಪ್ಪುಗಳನ್ನು ತಿಂದು ಲಕ್ಷೋಪಲಕ್ಷವಾಗಿ ಹೆಚ್ಚಿದವು, ಬಾಸ್‌ಗಳು ಗೋಬಿಗಳನ್ನು ತಿಂದು ಹಿಂದೆಂದಿಗಿಂತ ದಪ್ಪವಾದವು. ಬಲೆಯೊಳಗೆ ಬಂದ ಬಾಸ್ ಕೆಲವೊಮ್ಮೆ ಅರ್ಧ ನುಂಗಿದ ಗೋಬಿಯನ್ನು ಕಕ್ಕುತ್ತದೆ. ದಪ್ಪ ತಲೆ, ಉಬ್ಬಿದ ಕಣ್ಣು, ಬೆನ್ನಿನ ರೆಕ್ಕೆಯ ಮೇಲೆ ಒಂದು ಕಪ್ಪು ಚುಕ್ಕೆ. ಗೋಬಿಗೆ ಗಾಳಿಚೀಲವಿಲ್ಲ. ಆದ್ದರಿಂದ ಅದು ತೇಲಲಾರದೆ ತಳದ ಕಲ್ಲಿಗೆ ಅಂಟಿಕೊಂಡು ತೆವಳುತ್ತದೆ, ಚಳಿ ಹೆಚ್ಚಿದಂತೆ ಆಳಕ್ಕೆ ಸರಿಯುತ್ತದೆ. ಬಾಸ್ ಅದರ ಹಿಂದೆ ಹೋಗುತ್ತದೆ.

ನೀರು 60 ಡಿಗ್ರಿ ಫ್ಯಾರನ್‌ಹೀಟ್‌ನಿಂದ 50ಕ್ಕೆ, ಅಂದರೆ ಸುಮಾರು 15ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ, ಇಳಿಯುವ ಆ ಕೆಲವು ವಾರಗಳೇ ಶರತ್ಕಾಲದ ಬಾಸ್ ಬೇಟೆಯ ತಿರುಳು. ಮುಂದೆ ನೀರು ಇನ್ನೂ ತಣ್ಣಗಾದಾಗ ಮೀನಿನ ದೇಹದ ಕೆಲಸಗಳೆಲ್ಲ ನಿಧಾನವಾಗುತ್ತವೆ, ಮಂಜುಗಡ್ಡೆಯ ಕೆಳಗೆ ಅದು ಹೆಚ್ಚೇನೂ ತಿನ್ನದೆ ದಿನ ದೂಡುತ್ತದೆ. ಅದಕ್ಕಾಗಿಯೇ ಈಗ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಚದುರಿ ಹೋಗಿದ್ದ ಮೀನುಗಳು ಈ ಹೊತ್ತಿನಲ್ಲಿ ಗುಂಪಾಗಿ ಚಳಿಗಾಲದ ತಂಗುದಾಣದತ್ತ ಸಾಗುತ್ತವೆ. ವಿಸ್ಕಾನ್ಸಿನ್‌ನ ಎಂಬ್ಯಾರಸ್ ನದಿಯ ಸ್ಮಾಲ್‌ಮೌತ್‌ಗಳು ಶರತ್ಕಾಲದಲ್ಲಿ ಹತ್ತಾರು ಕಿಲೋಮೀಟರ್ ಕೆಳಗಿಳಿದು ವುಲ್ಫ್ ನದಿಯ ಆಳದಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಮರಳುವುದನ್ನು ಸಂಶೋಧಕರು ಗುರುತು ಕಟ್ಟಿ ಕಂಡುಕೊಂಡಿದ್ದಾರೆ. ದೊಡ್ಡ ಪ್ರದೇಶಕ್ಕೆಲ್ಲ ಹಂಚಿಹೋಗಿದ್ದ ಹಿರಿಯ ಮೀನುಗಳು ಅಕ್ಟೋಬರ್ ಕೊನೆಗೆ ಒಂದೇ ಕಲ್ಲುದಿಬ್ಬದ ಅಂಚಿನಲ್ಲಿ, ಕೆಲವು ಮನೆಗಳಷ್ಟು ಜಾಗದಲ್ಲಿ, ಒಟ್ಟಾಗಿ ನಿಂತಿರುತ್ತವೆ. ಇಂದಿನ ಸೋನಾರ್ ಪರದೆಗಳಲ್ಲಿ ಆ ಗುಂಪು ಸ್ಪಷ್ಟವಾಗಿ ಕಾಣುತ್ತದೆ. ಜಾಗ ತಿಳಿದವನಿಗೆ ಒಂದೇ ಮಧ್ಯಾಹ್ನದಲ್ಲಿ ಆ ಪ್ರದೇಶದ ಹಲವು ವರ್ಷಗಳ ಫಸಲನ್ನು ಎತ್ತಿಕೊಂಡು ಹೋಗುವುದು ಕಷ್ಟವಲ್ಲ, ಮರುವಾರ ಅವನ ಗೆಳೆಯನೂ ಅಲ್ಲಿಗೇ ಬರುತ್ತಾನೆ.

ಈ ಮೀನು ಬೆಳೆಯುವುದು ನಿಧಾನ. ಉತ್ತರದ ತಣ್ಣೀರಿನಲ್ಲಿ 20 ಇಂಚು ಮುಟ್ಟಿದ ಸ್ಮಾಲ್‌ಮೌತ್‌ಗೆ ಹತ್ತು ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು ವಯಸ್ಸಾಗಿರುತ್ತದೆ. ಗೋಬಿ ಸಮೃದ್ಧವಾಗಿರುವಲ್ಲಿ ಬೆಳವಣಿಗೆ ಸ್ವಲ್ಪ ಬೇಗ ಅಷ್ಟೆ. ಅತಿ ದೊಡ್ಡವುಗಳಲ್ಲಿ ಹೆಣ್ಣೇ ಹೆಚ್ಚೆಂಬುದು ಗಾಳಗಾರರ ಅನುಭವ. ವಸಂತದಲ್ಲಿ ಇಡುವ ಮೊಟ್ಟೆಗಳು ಹೆಣ್ಣಿನ ಹೊಟ್ಟೆಯಲ್ಲಿ ಶರತ್ಕಾಲದಲ್ಲೇ ಬೆಳೆಯತೊಡಗುತ್ತವೆ, ಮೀನು ದೊಡ್ಡದಾದಷ್ಟೂ ಮೊಟ್ಟೆಗಳ ಸಂಖ್ಯೆಯೂ ದೊಡ್ಡದು. ಮೊಟ್ಟೆ ಇಟ್ಟ ಮೇಲೆ ಗೂಡನ್ನು ಕಾಯುವ ಕೆಲಸ ಗಂಡಿನದು. ಅದನ್ನು ಗಾಳ ಹಾಕಿ ಎತ್ತಿದ ಕೂಡಲೇ ಸುತ್ತ ಹೊಂಚುಹಾಕಿ ಕುಳಿತ ಗೋಬಿಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿನ್ನುವುದನ್ನು ಈರಿ ಸರೋವರದಲ್ಲಿ ಅಧ್ಯಯನ ಮಾಡಿ ದಾಖಲಿಸಿದ್ದಾರೆ. ಹೀಗೆ ಬಾಸ್‌ಗೆ ಅನ್ನವಾದ ಗೋಬಿಯೇ ಅದರ ಸಂತಾನಕ್ಕೆ ಶತ್ರುವೂ ಹೌದು. ಇಷ್ಟೆಲ್ಲ ದಾಟಿ ಹತ್ತು ಹನ್ನೆರಡು ವರ್ಷ ಬದುಕಿದ ಮೀನನ್ನು ಒಂದು ಊಟಕ್ಕಾಗಿ ಕೊಲ್ಲುವುದು ಸರಿಯೇ ಎಂದು ಓದುಗರೇ ಯೋಚಿಸಬೇಕು.

ಹಾಗೆ ಯೋಚಿಸಿದವರು ಇಲ್ಲಿ ಇಲ್ಲದಿಲ್ಲ. ಸುಪೀರಿಯರ್ ಸರೋವರದ ಚೆಕ್ವಾಮೆಗಾನ್ ಕೊಲ್ಲಿಯಲ್ಲಿ ವಿಸ್ಕಾನ್ಸಿನ್ ರಾಜ್ಯವು ದಿನಕ್ಕೆ ಒಂದೇ ಮೀನು, ಅದೂ 22 ಇಂಚಿಗೆ ಕಡಿಮೆಯಿಲ್ಲದ್ದು ಎಂದು ನಿಯಮ ಮಾಡಿತು. ಅಂದರೆ ಬಹುತೇಕ ಎಲ್ಲ ಮೀನನ್ನೂ ಮರಳಿ ಬಿಡಲೇಬೇಕು. ಅಷ್ಟು ತಣ್ಣನೆಯ, ಬೆಳವಣಿಗೆ ಅಷ್ಟು ನಿಧಾನವಾದ ನೀರಿನಲ್ಲಿಯೂ ಆ ಕೊಲ್ಲಿ ಇಂದು ದೊಡ್ಡ ಸ್ಮಾಲ್‌ಮೌತ್‌ಗೆ ಹೆಸರುವಾಸಿಯಾಗಿದೆ.

ಇನ್ನು ಹಿಡಿಯುವ ಬಗೆಯ ಕುರಿತು. ಲೇಖನದಲ್ಲಿ ಹೇಳಿದಂತೆ ದಪ್ಪ ದಾರಕ್ಕೆ ಎರೆಹುಳು ಕಟ್ಟಿ ಎಸೆದು ಕುಳಿತರೆ ದೊಡ್ಡ ಸ್ಮಾಲ್‌ಮೌತ್ ಅಪರೂಪಕ್ಕೆ ಸಿಗಬಹುದು. ಚಿಪ್ಪುಗಳಿಂದಾಗಿ ನೀರು ಎಷ್ಟು ತಿಳಿಯಾಗಿದೆಯೆಂದರೆ ದಾರ ಕಂಡರೆ ಮೀನು ಹತ್ತಿರ ಸುಳಿಯುವುದಿಲ್ಲ. ಎಂಟು ಪೌಂಡ್ ತಡೆಯುವ ಫ್ಲೋರೊಕಾರ್ಬನ್ ದಾರ, ಏಳಡಿಯ ಹಗುರವಾದ ಸ್ಪಿನ್ನಿಂಗ್ ಕೋಲು ಸಾಕು. ನಮ್ಮ ಕಡೆಯ ಬಹುಮಂದಿ ಬಳಸುವುದು ಟ್ಯೂಬ್. ಮೂರು ನಾಲ್ಕು ಇಂಚಿನ ಟೊಳ್ಳು ರಬ್ಬರ್ ಕೊಳವೆ, ಹಿಂಬದಿಯಲ್ಲಿ ಸಣ್ಣ ಎಳೆಗಳು, ಒಳಗೆ ಸೀಸದ ತಲೆಯ ಕೊಕ್ಕೆ. ಹಸಿರು ಬೆರೆತ ಕಂದು ಬಣ್ಣ, ಅಂದರೆ ಗೋಬಿಯ ಬಣ್ಣ. ಗೋಬಿ ತಳ ಬಿಡುವುದಿಲ್ಲವಾದ್ದರಿಂದ ಟ್ಯೂಬ್ ಕೂಡ ತಳ ಬಿಡಬಾರದು. ಗಾಳಿಗೆ ದೋಣಿಯನ್ನು ಮೆಲ್ಲಗೆ ತೇಲಲು ಬಿಟ್ಟು, ಟ್ಯೂಬ್ ಕಲ್ಲಿನಿಂದ ಕಲ್ಲಿಗೆ ತಡವರಿಸುತ್ತ ಬರುವಂತೆ ಎಳೆಯಬೇಕು. ಗಾಳಿ ಜೋರಾದರೆ ದೋಣಿಯ ಪಕ್ಕದಿಂದ ನೀರಿನ ಕೊಡೆಯಂಥ ಬಟ್ಟೆಚೀಲವನ್ನು ಇಳಿಬಿಟ್ಟು ವೇಗ ತಗ್ಗಿಸುತ್ತಾರೆ. ದೊಡ್ಡ ಮೀನು ಕಚ್ಚಿದಾಗ ಬೆರಳಿಗೆ ಟಕ್ಕೆಂದು ತಟ್ಟುವುದೇ ಇಲ್ಲ. ಒದ್ದೆ ಬಟ್ಟೆಯೊಂದು ಸಿಕ್ಕಿಕೊಂಡಂತೆ ದಾರ ಸುಮ್ಮನೆ ಭಾರವಾಗುತ್ತದೆ. ಹೊಸಬರು ಅದನ್ನು ಕಲ್ಲೆಂದು ತಿಳಿದು ಬಿಟ್ಟುಬಿಡುತ್ತಾರೆ. ಆ ಭಾರವನ್ನು ಗುರುತಿಸಿ ಕೋಲನ್ನು ಪಕ್ಕಕ್ಕೆ ಸೆಳೆದಾಗ ಮಾತ್ರ ತಳದಲ್ಲಿ ಏನೋ ತಲೆ ಕೊಡವಿದ್ದು ತಿಳಿಯುತ್ತದೆ.

ಅಕ್ಟೋಬರ್ ಮೊದಲ ಭಾಗದಲ್ಲಿ, ಮೀನು ಇನ್ನೂ ಹತ್ತು ಹದಿನೈದು ಅಡಿ ನೀರಿನಲ್ಲಿರುವಾಗ, ಜರ್ಕ್‌ಬೇಟ್ ಎಂಬ ಸಣ್ಣ ಮೀನಿನಾಕಾರದ ಗಾಳವೂ ಚೆನ್ನಾಗಿ ನಡೆಯುತ್ತದೆ. ಎರಡು ಬಾರಿ ಸೆಳೆದು ನಿಲ್ಲಿಸಬೇಕು. ನೀರು ತಣ್ಣಗಾದಷ್ಟೂ ಹೆಚ್ಚು ಹೊತ್ತು ನಿಲ್ಲಿಸಬೇಕು. ಕಚ್ಚುವುದು ನಿಂತಾಗಲೇ. ನೀರು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದ ಮೇಲೆ ಬ್ಲೇಡ್ ಬೇಟ್ ಎಂಬ ಲೋಹದ ತಗಡನ್ನು ತಳದಿಂದ ಒಂದೆರಡು ಗೇಣು ಎತ್ತಿ ಬೀಳಿಸುವುದು ವಾಡಿಕೆ. ಬೇಸಿಗೆಯಂತೆ ನಸುಕಿನಲ್ಲೇ ಎದ್ದು ಓಡಬೇಕಾಗಿಯೂ ಇಲ್ಲ, ಬಿಸಿಲು ನೀರನ್ನು ಅಷ್ಟಿಷ್ಟು ಬೆಚ್ಚಗಾಗಿಸುವ ಮಧ್ಯಾಹ್ನವೇ ಒಳ್ಳೆಯ ಹೊತ್ತು. ಗಾಳಿಯ ವಿಷಯದಲ್ಲಿ ಮಾತ್ರ ಯಾರೂ ಹಗುರವಾಗಿರಬಾರದು. ಈರಿ ಸರೋವರದ ಸರಾಸರಿ ಆಳ 62 ಅಡಿ ಮಾತ್ರ. ಆಳ ಕಡಿಮೆಯಾದ್ದರಿಂದಲೇ ಅಲ್ಲಿ ಅಲೆಗಳು ಬೇಗ ಎದ್ದು ಒತ್ತೊತ್ತಾಗಿ ಬಡಿಯುತ್ತವೆ. ನವೆಂಬರ್ ನೀರಿಗೆ ಬಿದ್ದವರ ಕೈಕಾಲು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತದೆ, ಈಜು ಬಲ್ಲವರಿಗೂ ಜೀವರಕ್ಷಕ ಅಂಗಿ ಬೇಕೇ ಬೇಕು.

ಎಷ್ಟು ದೊಡ್ಡದು ಸಿಗಬಹುದು ಎಂದು ಊರಿನಿಂದ ಬಂದವರೆಲ್ಲ ಕೇಳುತ್ತಾರೆ. ಐದು ಪೌಂಡ್, ಅಂದರೆ ಎರಡೂಕಾಲು ಕಿಲೋ ತೂಗಿದರೆ ಅದು ದೊಡ್ಡ ಮೀನೇ. 2022ರ ನವೆಂಬರ್ 3ರಂದು ಈರಿ ಸರೋವರದ, ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಸೇರಿದ ಭಾಗದಲ್ಲಿ 10.15 ಪೌಂಡಿನ, ಸುಮಾರು 4.6 ಕಿಲೋ ತೂಕದ ಸ್ಮಾಲ್‌ಮೌತ್ ಗಾಳಕ್ಕೆ ಬಿದ್ದಿತು. ಮಹಾಸರೋವರಗಳಲ್ಲಿ ಹತ್ತು ಪೌಂಡ್ ದಾಟಿದ ಮೊದಲ ಮೀನೆಂದು ಅದು ಸುದ್ದಿಯಾಯಿತು. ವಿಶ್ವ ದಾಖಲೆಯಾದ 11 ಪೌಂಡ್ 15 ಔನ್ಸ್ ಮೀನನ್ನು ಡೇವಿಡ್ ಹೇಯ್ಸ್ ಅವರು 1955ರ ಜುಲೈ 9ರಂದು, ಟೆನೆಸ್ಸಿ ಮತ್ತು ಕೆಂಟಕಿ ಗಡಿಯ ಡೇಲ್ ಹಾಲೊ ಜಲಾಶಯದಲ್ಲಿ ಹಿಡಿದರು. ಅದು ದಕ್ಷಿಣದ ನೀರು, ಬೇಸಿಗೆಯ ಮೀನು. ಉತ್ತರದ ಸರೋವರಗಳಲ್ಲಾದರೋ ದೊಡ್ಡ ಮೀನಿನ ಮಾತು ಬಂದಾಗ ಶರತ್ಕಾಲದ ಮಾತೂ ಬಂದೇ ಬರುತ್ತದೆ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೀನನ್ನು ನೀರಿಗೆ ಬಿಡುತ್ತೇವೆ ಎನ್ನುವ ಅನೇಕರು ಬಿಡುವುದು ಸಾಯಲಿರುವ ಮೀನನ್ನು, ಅದಕ್ಕೆ ಕಾರಣ ಆಳ. ನೀರಿನಲ್ಲಿ 33 ಅಡಿ ಇಳಿದರೆ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟಾಗುತ್ತದೆ. ಆ ಆಳದಲ್ಲಿ ನೆಲೆಸಿದ ಮೀನಿನ ಗಾಳಿಚೀಲ ಆ ಒತ್ತಡಕ್ಕೆ ಹೊಂದಿಕೊಂಡಿರುತ್ತದೆ; ಅದನ್ನು ಒಂದೆರಡು ನಿಮಿಷದಲ್ಲಿ ಮೇಲಕ್ಕೆಳೆದರೆ ಒಳಗಿನ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ನಮ್ಮ ಕಾವೇರಿ, ತುಂಗಭದ್ರೆಗಳ ಕಾಟ್ಲಾ, ರೋಹು, ಮಹಶೀರ್‌ಗಳ ಗಾಳಿಚೀಲದಿಂದ ಗಂಟಲಿನ ಕಡೆಗೆ ಒಂದು ನಾಳವಿರುತ್ತದೆ, ಅವು ಹೆಚ್ಚಾದ ಗಾಳಿಯನ್ನು ಬಾಯಿಯಿಂದ ಹೊರಹಾಕಬಲ್ಲವು. ಬಾಸ್‌ಗೆ ಆ ನಾಳವಿಲ್ಲ. ಅದರ ರಕ್ತ ಆ ಗಾಳಿಯನ್ನು ನಿಧಾನವಾಗಿ, ಗಂಟೆಗಟ್ಟಲೆ ಹೀರಿಕೊಳ್ಳಬೇಕು. ಅಷ್ಟರಲ್ಲಿ ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಚಾಚುತ್ತದೆ, ಕೆಲವೊಮ್ಮೆ ಜಠರವೇ ಬಾಯಿಯೊಳಕ್ಕೆ ತಿರುಚಿ ಬರುತ್ತದೆ. ಬಿಟ್ಟ ಮೀನು ಬಾಲ ಬಡಿದು ಒಂದೆರಡು ಮಾರು ಕೆಳಗಿಳಿದು, ಮತ್ತೆ ಮೇಲೆದ್ದು ಮಗ್ಗುಲಾಗಿ ತೇಲುತ್ತದೆ. ದೋಣಿ ಆಗಲೇ ಮುಂದೆ ಹೋಗಿರುತ್ತದೆ. ಹಿಡಿದವರಿಗೆ ಅದು ಕಾಣುವುದಿಲ್ಲ, ಕಡಲಕ್ಕಿಗಳಿಗೆ ಕಾಣುತ್ತದೆ.

ನಿಧಾನವಾಗಿ ಎಳೆದರೆ ತೊಂದರೆಯಾಗದು ಎಂಬ ಮಾತನ್ನು ಬಹಳ ಕೇಳಿದ್ದೇನೆ. ಗಾಳಿ ಕರಗಲು ಗಂಟೆಗಳು ಬೇಕಿರುವಾಗ ಎರಡು ನಿಮಿಷದ ಬದಲು ನಾಲ್ಕು ನಿಮಿಷ ಎಳೆದರೆ ಮೀನಿಗೆ ದಣಿವು ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ಸೂಜಿ ಚುಚ್ಚಿ ಗಾಳಿ ತೆಗೆಯುವವರಿದ್ದಾರೆ. ಅಭ್ಯಾಸವಿಲ್ಲದ ಕೈಯಲ್ಲಿ ಆ ಸೂಜಿ ಬೇರೆ ಅಂಗಕ್ಕೆ ಹೋಗುತ್ತದೆ, ಹೊಸಬರು ಅದರ ತಂಟೆಗೆ ಹೋಗಬಾರದು. ಭಾರ ಕಟ್ಟಿದ ಚಿಮಟದಿಂದ ಮೀನಿನ ಕೆಳತುಟಿ ಹಿಡಿದು ಅದನ್ನು ಬಂದ ಆಳಕ್ಕೇ ಇಳಿಸಿ ಬಿಡುವ ಉಪಕರಣಗಳು ಅಂಗಡಿಯಲ್ಲಿ ಸಿಗುತ್ತವೆ. ಒತ್ತಡ ಮರಳಿದ ಕೂಡಲೇ ಚೀಲ ಕುಗ್ಗುತ್ತದೆ, ಮೀನು ತಾನೇ ಕೊಡವಿಕೊಂಡು ಹೋಗುತ್ತದೆ. ಒಂದು ದೋಣಿಯಲ್ಲಿ ಇಂಥದ್ದೊಂದು ಇರಲೇಬೇಕು. ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಮೂವತ್ತು ಅಡಿಗಿಂತ ಆಳದಲ್ಲಿ ಬಾಸ್ ಗುಂಪು ಕಂಡರೆ ಅದನ್ನು ಅದರ ಪಾಡಿಗೆ ಬಿಟ್ಟು, ಇಪ್ಪತ್ತು ಅಡಿಯ ದಿಬ್ಬಗಳಲ್ಲಿ ಹುಡುಕುವುದು. ಆಳ ಕಡಿಮೆಯಿರುವ ಸೇಂಟ್ ಕ್ಲೇರ್ ಸರೋವರದಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ. ಹಡಗು ಹೋಗಲು ಅಗೆದ ಕಾಲುವೆಯನ್ನು ಬಿಟ್ಟರೆ ಅಲ್ಲಿ ಸಹಜವಾದ ಆಳ 21 ಅಡಿ ದಾಟುವುದಿಲ್ಲ. ಹೊಸದಾಗಿ ಕಲಿಯುವ ಕನ್ನಡ ಕುಟುಂಬಗಳು ಈರಿಯ ಬದಲು ಸೇಂಟ್ ಕ್ಲೇರ್‌ನಿಂದ ಆರಂಭಿಸಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕೈಯಲ್ಲಿ ಹಿಡಿಯುವ ರೀತಿಯೂ ಮುಖ್ಯ. ಒಣ ಕೈ, ಉಣ್ಣೆಯ ಕೈಗವಸು ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತು ತೆಗೆಯುತ್ತದೆ, ಅದು ಹೋದರೆ ರೋಗ ಹತ್ತುತ್ತದೆ. ಆದ್ದರಿಂದ ಮೊದಲು ಕೈಯನ್ನು ನೀರಿನಲ್ಲಿ ಅದ್ದಬೇಕು. ಒಂದು ಕೈಯಿಂದ ಕೆಳತುಟಿ, ಇನ್ನೊಂದರಿಂದ ಹೊಟ್ಟೆಯ ಕೆಳಗೆ ಆಸರೆ. ಐದಾರು ಪೌಂಡಿನ ಮೀನನ್ನು ತುಟಿಯೊಂದರಿಂದಲೇ ಅಡ್ಡಲಾಗಿ ತೂಗಾಡಿಸಿದರೆ ದವಡೆಯ ಕೀಲು ಹಾಳಾಗುತ್ತದೆ, ಅಂಥ ಮೀನು ಮತ್ತೆ ಸರಿಯಾಗಿ ತಿನ್ನಲಾರದು. ಮಂಜು ಬೀಳುವ ದಿನಗಳಲ್ಲಿ ಗಾಳಿಗೆ ಒಡ್ಡಿದ ಕಿವಿರಿನ ಸೂಕ್ಷ್ಮ ಎಳೆಗಳು ಹೆಪ್ಪುಗಟ್ಟುವ ಅಪಾಯವಿದೆ. ಕ್ಯಾಮೆರಾ ಸಿದ್ಧವಾಗುವವರೆಗೆ ಮೀನು ಬಲೆಯಲ್ಲಿ, ನೀರಿನೊಳಗೇ ಇರಲಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮಕ್ಕಳ ಕೈಗೆ ದೊಡ್ಡ ಮೀನು ಕೊಟ್ಟು ಚಿತ್ರ ತೆಗೆಯುವ ಆಸೆ ಎಲ್ಲ ತಂದೆತಾಯಿಗಳಿಗೂ ಇರುತ್ತದೆ. ಮಗುವನ್ನು ದೋಣಿಯಂಚಿನಲ್ಲಿ ಕೂರಿಸಿ, ಬಲೆಯಲ್ಲಿರುವ ಮೀನಿನ ಪಕ್ಕದಲ್ಲಿ ಚಿತ್ರ ತೆಗೆದರೂ ಅದು ಚೆನ್ನಾಗಿಯೇ ಬರುತ್ತದೆ.

ಊಟದ ಪ್ರಶ್ನೆ ಉಳಿಯಿತು. ಹಿಡಿದ ಮೀನನ್ನು ತಿನ್ನುವುದು ತಪ್ಪೆಂಬ ಭಾವನೆ ನನಗಿಲ್ಲ. ಕರಾವಳಿಯ, ಮಲೆನಾಡಿನ ಮನೆಗಳಲ್ಲಿ ಬೆಳೆದ ನಾವು ಮೀನನ್ನು ಆಟದ ವಸ್ತುವಾಗಿ ಮಾತ್ರ ನೋಡಿದವರಲ್ಲ. ಸುಮ್ಮನೆ ಹಿಡಿದು ಬಿಡುವುದೇ ಸರಿಯಲ್ಲ ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಊಟಕ್ಕೆ ದೊಡ್ಡ ಬಾಸ್ ತಕ್ಕ ಮೀನಲ್ಲ. ವಯಸ್ಸಾದ, ಬೇರೆ ಮೀನುಗಳನ್ನು ತಿಂದು ಬದುಕುವ ಮೀನಿನ ಮಾಂಸದಲ್ಲಿ ಪಾದರಸ ವರ್ಷ ವರ್ಷ ಕೂಡುತ್ತ ಹೋಗುತ್ತದೆ, ಬೇಯಿಸಿದರೂ ಕರಿದರೂ ಅದು ಹೋಗುವುದಿಲ್ಲ. ಯಾವ ನೀರಿನ ಯಾವ ಮೀನನ್ನು ತಿಂಗಳಿಗೆ ಎಷ್ಟು ತಿನ್ನಬಹುದೆಂದು ಮಿಷಿಗನ್ ಆರೋಗ್ಯ ಇಲಾಖೆ ಕೈಪಿಡಿ ಪ್ರಕಟಿಸುತ್ತದೆ. ಗರ್ಭಿಣಿಯರೂ ಮಕ್ಕಳೂ ಇರುವ ಮನೆಯವರು ಅದನ್ನು ನೋಡದೆ ಒಲೆ ಹಚ್ಚಬಾರದು. ಇದೇ ಶರತ್ಕಾಲದಲ್ಲಿ ಇದೇ ಈರಿ ಸರೋವರದಲ್ಲಿ ಯೆಲ್ಲೊ ಪರ್ಚ್ ಎಂಬ ಗೇಣುದ್ದದ ಮೀನು ಹಿಂಡುಹಿಂಡಾಗಿ ಸಿಗುತ್ತದೆ. ಬೇಗ ಬೆಳೆಯುವ, ಹೆಚ್ಚು ಮರಿ ಮಾಡುವ ಮೀನದು; ಮಾಂಸ ಬೆಳ್ಳಗೆ, ಗಟ್ಟಿ. ಖಾರ ಸವರಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ಊರಿನ ರುಚಿಗೆ ಅದಕ್ಕಿಂತ ಹತ್ತಿರವಾದದ್ದು ಈ ಸೀಮೆಯಲ್ಲಿ ನನಗೆ ಸಿಕ್ಕಿಲ್ಲ. ಕೊಕ್ಕೆ ಕಿವಿರಿಗೆ ಚುಚ್ಚಿ ರಕ್ತ ಸೋರುತ್ತಿರುವ ಬಾಸ್ ಬದುಕುವುದಿಲ್ಲ, ನಿಯಮದ ಅಳತೆಯಲ್ಲಿದ್ದರೆ ಅದನ್ನು ಒಯ್ದು ತಿನ್ನುವುದೇ ಸರಿ.

ಮರಳಿ ಬಿಡಬೇಕೆಂಬ ನನ್ನ ಮಾತು ಈ ಮೀನಿನ ಸ್ವಂತ ನೀರಿಗೆ ಮಾತ್ರ ಎಂಬುದನ್ನೂ ಸ್ಪಷ್ಟಪಡಿಸಬೇಕು. 1854ರಲ್ಲಿ ಕೆಲವು ಸ್ಮಾಲ್‌ಮೌತ್‌ಗಳನ್ನು ರೈಲು ಎಂಜಿನ್‌ನ ನೀರಿನ ತೊಟ್ಟಿಯಲ್ಲಿ ಹಾಕಿ ಬೆಟ್ಟ ದಾಟಿಸಿ ಪೊಟೊಮ್ಯಾಕ್ ನದಿಯ ಕಣಿವೆಗೆ ತಂದು ಬಿಟ್ಟರು. ಆಮೇಲೆ ಜನ ಇದನ್ನು ಎಲ್ಲೆಲ್ಲಿಗೋ ಒಯ್ದರು. ಪಶ್ಚಿಮದ ನದಿಗಳಲ್ಲಿ ಅಲ್ಲಿನ ಸ್ಥಳೀಯ ಮೀನುಗಳಿಗೆ ಇದೇ ಸ್ಮಾಲ್‌ಮೌತ್ ಕಂಟಕವಾಗಿದೆ. ಬರದಿಂದ ಕೊಲರಾಡೊ ನದಿಯ ಪೊವೆಲ್ ಜಲಾಶಯದ ಮಟ್ಟ ಕುಸಿದು, ಮೇಲ್ಪದರದ ಬೆಚ್ಚನೆಯ ನೀರಿನೊಂದಿಗೆ ಬಾಸ್‌ಗಳು ಗ್ಲೆನ್ ಕ್ಯಾನಿಯನ್ ಅಣೆಕಟ್ಟು ದಾಟಿ, 2022ರಲ್ಲಿ ಅದರ ಕೆಳಗೆ ಮರಿ ಮಾಡಿದ್ದು ಕಂಡುಬಂತು. ಅಳಿವಿನ ಅಂಚಿನಿಂದ ಚೇತರಿಸಿಕೊಳ್ಳುತ್ತಿದ್ದ ಹಂಪ್‌ಬ್ಯಾಕ್ ಚಬ್ ಎಂಬ ಮೀನನ್ನು ಉಳಿಸಲು 2024ರಲ್ಲಿ ಆಳದ ತಣ್ಣೀರನ್ನು ನದಿಗೆ ಹರಿಸಿ ಬಾಸ್ ಮೊಟ್ಟೆ ಇಡದಂತೆ ಮಾಡಬೇಕಾಯಿತು. ಅಂಥ ಕಡೆ ಹಿಡಿದ ಬಾಸ್‌ನ ಬಗ್ಗೆ ಆಯಾ ರಾಜ್ಯದ ನಿಯಮವೇ ಬೇರೆ, ಅದನ್ನೇ ಪಾಲಿಸಬೇಕು.

ಕರ್ನಾಟಕದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಯಾರೂ ಗಾಳ ಹಾಕದ ಕಾರಣ ಮೀನುಗಳು ಎಷ್ಟು ದೊಡ್ಡದಾಗಿ ಬೆಳೆಯಬಲ್ಲವೆಂದು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಸಿಕ್ಕ ನಾಡು ನಮ್ಮದು. ಕಾವೇರಿಯ ಆ ಡುಬ್ಬಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಈಗ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗವನ್ನು ಆಕ್ರಮಿಸಿತೆಂಬುದು ಸಂಶೋಧಕರಿಗೆ ತಿಳಿದದ್ದರಲ್ಲಿ ಕಾವೇರಿ ದಡದ ಗಲಿಬೋರೆಯ ಶಿಬಿರದಲ್ಲಿ ಮೀನು ಹಿಡಿದು ಬಿಡುತ್ತಿದ್ದವರು ಬರೆದಿಟ್ಟ ದಾಖಲೆಗಳ ಪಾಲು ದೊಡ್ಡದು. ಎಲ್ಲಿ, ಯಾವಾಗ, ಎಷ್ಟು ತೂಕದ್ದು ಎಂದು ಬರೆದು ಬಿಟ್ಟ ಮೀನು ನದಿಯ ಲೆಕ್ಕದಲ್ಲಿ ಉಳಿಯುತ್ತದೆ. ಇಲ್ಲಿನ ಬಾಸ್‌ಗೂ ಅದೇ ಬೇಕು.

ಆದ್ದರಿಂದ ತಮ್ಮಲ್ಲಿ ನನ್ನದು ಎರಡು ವಿನಂತಿ. ವಿದೇಶದ ಕನ್ನಡಿಗರು ಕಳುಹಿಸುವ ಮೀನು ಬೇಟೆಯ ಚಿತ್ರಗಳನ್ನು ಪ್ರಕಟಿಸುವಾಗ, ಮೀನು ಎಷ್ಟು ಅಡಿ ಆಳದಲ್ಲಿ ಸಿಕ್ಕಿತು, ಉದ್ದವೆಷ್ಟು, ಬಿಟ್ಟರೇ ಇಟ್ಟುಕೊಂಡರೇ ಎಂಬ ಒಂದು ಸಾಲನ್ನು ಚಿತ್ರದ ಅಡಿಯಲ್ಲಿ ಸೇರಿಸಬೇಕು. ಹಾಗೆ ಕೇಳುತ್ತಾರೆಂದು ಗೊತ್ತಾದರೆ ಹಿಡಿಯುವವರೂ ನೋಡಿಕೊಂಡು ಹಿಡಿಯುತ್ತಾರೆ. ಎರಡನೆಯದಾಗಿ, ಶರತ್ಕಾಲದಲ್ಲಿ ಸರೋವರ ವಿಹಾರ ಏರ್ಪಡಿಸುವ ಇಲ್ಲಿನ ಕನ್ನಡ ಕೂಟಗಳು ದೋಣಿ ಹತ್ತುವ ಮೊದಲು ಮೂವತ್ತಡಿಯ ಮಾತನ್ನು, ಒದ್ದೆ ಕೈಯ ಮಾತನ್ನು ಎಲ್ಲರಿಗೂ ತಿಳಿಸಲಿ. ಈರಿ ಮತ್ತು ಸೇಂಟ್ ಕ್ಲೇರ್ ಎರಡೂ ಸರೋವರಗಳ ಒಳಗೇ ಕೆನಡಾ ಗಡಿ ಹಾದುಹೋಗುವುದರಿಂದ ಆಚೆಯ ನೀರಿನಲ್ಲಿ ಗಾಳ ಹಾಕಲು ಒಂಟಾರಿಯೊದ ಪರವಾನಗಿ ಬೇಕೆಂಬುದನ್ನೂ ಮರೆಯದೆ ಹೇಳಲಿ. ಮೀನನ್ನು ಆಳಕ್ಕಿಳಿಸುವ ಉಪಕರಣವಿಲ್ಲದ ಕೂಟಗಳು ಡೆಟ್ರಾಯಿಟ್ ಕಡೆಗೆ ಬಂದರೆ ನನ್ನದನ್ನು ಕೊಡಲು, ಬಳಸುವ ರೀತಿಯನ್ನು ತೋರಿಸಲು ನಾನು ಸಿದ್ಧನಿದ್ದೇನೆ. ತಮ್ಮ ಕಚೇರಿಯ ಮೂಲಕ ನನ್ನನ್ನು ಸಂಪರ್ಕಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಮಿಷಿಗನ್ ರಾಜ್ಯದ ಒಬ್ಬ ಓದುಗ